ಬಂದು ಹೋಗುವ ದೋಷ: ಹಳೆಯ ಮೋಟಾರು ಗಾಡಿಯ ಒಂದು ಪಾಠ

ದಿನ ಬಿಟ್ಟು ದಿನ ಬರುವ ಚಳಿಜ್ವರದ ರೋಗಿಯನ್ನು ಜ್ವರವಿಲ್ಲದ ದಿನ ವೈದ್ಯನ ಮುಂದೆ ನಿಲ್ಲಿಸಿದರೆ ಮೈ ತಣ್ಣಗಿರುತ್ತದೆ, ನಾಡಿ ಸಮವಾಗಿರುತ್ತದೆ. ಹಳೆಯ ಮೋಟಾರು ಗಾಡಿಗಳಿಗೂ ಇಂಥದೊಂದು ಕಾಯಿಲೆಯುಂಟು. ಬೆಳಿಗ್ಗೆ ಸುಲಭವಾಗಿ ಹೊರಟ ಇಂಜಿನ್ನು, ಘಾಟಿಯನ್ನೇರಿ ಕಾಫಿಗೆಂದು ಕಾಲು ಗಂಟೆ ನಿಲ್ಲಿಸಿದ ಮೇಲೆ ಹೊರಡಲೊಲ್ಲದು. ಮೆಕ್ಯಾನಿಕ್ಕನನ್ನು ಕರೆತರುವ ಹೊತ್ತಿಗೆ ಏನೂ ಆಗಿಯೇ ಇಲ್ಲವೆಂಬಂತೆ ಗುರುಗುಟ್ಟುತ್ತದೆ. ಪೂರ್ತಿಯಾಗಿ ಕೆಟ್ಟ ಭಾಗವನ್ನು ಹುಡುಕುವುದು ಸುಲಭ. ಕೆಟ್ಟು, ತಾನಾಗಿ ಸರಿಹೋಗಿ, ಮತ್ತೆ ಕೆಡುವ ಭಾಗವನ್ನು ಹಿಡಿಯುವ ಬಗೆ ಹೇಗೆ?

ಉದಾಹರಣೆಗೆ ಅಂಬಾಸಿಡರ್ ಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ, ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ 1957-58ರ ಸುಮಾರಿಗೆ ಮೊದಲಾದ ಇದರ ತಯಾರಿಕೆ 2014ರಲ್ಲಿ ನಿಂತಿತು. ಇದರ ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ಸಾಧನಗಳ ಗೊಡವೆಯಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದರ ರೋಗಪರೀಕ್ಷೆಗೆ ಬಹುಮಟ್ಟಿಗೆ ಸಾಕು.

ಇಂಜಿನ್ನು ಹೊರಡಬೇಕಾದರೆ ಸ್ಟಾರ್ಟರ್ ಅದನ್ನು ತಕ್ಕಷ್ಟು ವೇಗವಾಗಿ ತಿರುಗಿಸಬೇಕು, ಸಿಲಿಂಡರಿನೊಳಗೆ ಸಕಾಲದಲ್ಲಿ ಕಿಡಿ ಹಾರಬೇಕು, ಪೆಟ್ರೋಲು ಗಾಳಿಗಳ ಮಿಶ್ರಣ ಹದವಾಗಿರಬೇಕು. ದೋಷ ಕಾಣಿಸಿಕೊಂಡಾಗ ಈ ಮೂರರಲ್ಲಿ ಯಾವುದು ಇಲ್ಲವೆಂಬುದನ್ನು ಆಗಲೇ, ಅಲ್ಲಿಯೇ ತಿಳಿಯಬೇಕು. ಸಾಮಾನ್ಯವಾಗಿ ನಾವು ಮಾಡುವುದು ಇದಕ್ಕೆ ವಿರುದ್ಧ: ಬಾನೆಟ್ಟನ್ನೆತ್ತಿ, ಕೈಗೆ ಸಿಕ್ಕಿದ ತಂತಿಗಳನ್ನೆಲ್ಲ ಎಳೆದು ಒತ್ತಿ ನೋಡುತ್ತೇವೆ. ಯಾವುದೋ ಒಂದು ಸಡಿಲ ಕೊಂಡಿ ಕೂಡಿಕೊಂಡು ಇಂಜಿನ್ನು ಹೊರಡುತ್ತದೆ. ಯಾವುದು ಕೂಡಿತೆಂಬುದು ಮಾತ್ರ ತಿಳಿಯುವುದಿಲ್ಲ. ಸಾಕ್ಷ್ಯವನ್ನು ನಮ್ಮ ಕೈಯಾರೆ ಅಳಿಸಿದಂತಾಯಿತು.

ಮೊದಲು ಸ್ಟಾರ್ಟರನ್ನು ವಿಚಾರಿಸೋಣ. ಸ್ಟಾರ್ಟರ್ ನಿಧಾನವಾಗಿ ನರಳಿದರೆ ಅನೇಕರು ದೀಪ ಹಚ್ಚಿ ನೋಡಿ, "ದೀಪ ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ, ತಂತಿ ಎಲ್ಲ ಸರಿಯಾಗಿವೆ" ಎಂದು ತೀರ್ಮಾನಿಸುತ್ತಾರೆ. ಈ ತರ್ಕದಲ್ಲಿ ದೊಡ್ಡ ತಪ್ಪಿದೆ. ತಂತಿಯ ಒಂದು ಕೂಡಿಕೆಯಲ್ಲಿ ಕಿಲುಬು ಹಿಡಿದು 0.02 ಓಮ್ ರೋಧ ಉಂಟಾಗಿದೆಯೆನ್ನೋಣ. ಮುಂದೀಪಗಳು ಎಳೆಯುವ ಪ್ರವಾಹ ಸುಮಾರು 8 ಆಂಪೇರ್. ಓಮನ ನಿಯಮದಂತೆ ಆ ಕೂಡಿಕೆಯಲ್ಲಿ ನಷ್ಟವಾಗುವುದು 0.16 ವೋಲ್ಟ್, ದೀಪದ ಬೆಳಕಿನಲ್ಲಿ ಅದು ಕಣ್ಣಿಗೆ ಕಾಣದು. ಸ್ಟಾರ್ಟರಾದರೋ 150 ಆಂಪೇರ್ ಬೇಡುತ್ತದೆ. ಅಷ್ಟು ಪ್ರವಾಹ ಹರಿದರೆ ಅದೇ ಕೂಡಿಕೆಯಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಹೊರೆ ಬಿದ್ದ ಬ್ಯಾಟರಿ 12.6ರಿಂದ 10.5 ವೋಲ್ಟಿಗೆ ಇಳಿದಿರುವಾಗ, ಅದರಲ್ಲಿಯೂ 3 ಹೋದರೆ ಉಳಿಯುವುದೆಷ್ಟು? ಜೊತೆಗೆ ಆ ಕೂಡಿಕೆಯಲ್ಲಿ 450 ವ್ಯಾಟ್ ಶಾಖ ಹುಟ್ಟುತ್ತದೆ. ಕೆಲವು ಸೆಕೆಂಡು ತಿರುಗಿಸಿ, ಸ್ವಿಚ್ಚನ್ನು ಆರಿಸಿ ಕೂಡಿಕೆಗಳನ್ನು ಮುಟ್ಟಿ ನೋಡಿದರೆ ರೋಗಿ ಯಾರೆಂಬುದನ್ನು ಬೆರಳೇ ಹೇಳೀತು.

ನಮಗೆ ಪರಿಚಯವಿರುವ ಒಂದು ಗಾಡಿಗೆ ಇದೇ ಕಾಯಿಲೆ ಎಂಟು ತಿಂಗಳು ಕಾಡಿತು. ಬ್ಯಾಟರಿಯನ್ನು ಬದಲಾಯಿಸಿದರು, ಹದಿನೈದು ದಿನ ನೆಟ್ಟಗಿದ್ದು ಮತ್ತೆ ಮೊದಲಿನಂತಾಯಿತು. ಸ್ಟಾರ್ಟರನ್ನು ಬಿಚ್ಚಿ ಹೊಸ ಬ್ರಷ್ಷುಗಳನ್ನು ಹಾಕಿದರು. ಕೊನೆಗೆ ಕಾಯಿಲನ್ನೂ ಬದಲಾಯಿಸಿದರು. ಸ್ಟಾರ್ಟರ್ ತಿರುಗದಿರುವುದಕ್ಕೂ ಕಾಯಿಲಿಗೂ ಸಂಬಂಧವೇನೆಂದು ಯಾರೂ ಕೇಳಲಿಲ್ಲ! ಒಂದು ದಿನ ಯಜಮಾನರು ಚೋಕಿನ ಗುಂಡಿಯನ್ನೆಳೆದಾಗ ಅದರ ತಂತಿ ಕೈ ಸುಡುವಷ್ಟು ಬಿಸಿಯಾಗಿತ್ತು. ಇಂಜಿನ್ನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ ಗಾಡಿಯ ಒಡಲಿಗೂ ಅದಕ್ಕೂ ವಿದ್ಯುತ್ ಸಂಪರ್ಕವಿರದು. ಆ ಸಂಪರ್ಕಕ್ಕಾಗಿ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಈ ಗಾಡಿಯಲ್ಲಿ ಪಟ್ಟಿಯ ಬೋಲ್ಟು ತುಕ್ಕು ಹಿಡಿದಿತ್ತು. ದಾರಿ ತಪ್ಪಿದ ಪ್ರವಾಹದ ಒಂದು ಪಾಲು ಚೋಕಿನ ತಂತಿಯ ಮೂಲಕ ಹಿಂದಿರುಗುತ್ತಿತ್ತು. ವೋಲ್ಟ್‌ಮೀಟರಿನ ಒಂದು ತುದಿಯನ್ನು ಒಡಲಿಗೆ ಸೇರಿದ ಬ್ಯಾಟರಿಯ ಧ್ರುವಕ್ಕೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಹಿಡಿದು ಸ್ಟಾರ್ಟರನ್ನು ತಿರುಗಿಸಿದಾಗ ಅರ್ಧ ವೋಲ್ಟನ್ನು ಮೀರಬಾರದ ಮುಳ್ಳು 3ನ್ನು ದಾಟಿತು. ಇಂಜಿನ್ನು ನಿಲ್ಲುವಾಗ ಮೆತ್ತೆಗಳ ಮೇಲೆ ಎತ್ತ ವಾಲಿ ನಿಂತಿತೋ ಅದರಂತೆ ಬೋಲ್ಟು ಒಮ್ಮೆ ಕಚ್ಚುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡಿದರು. ಖರ್ಚು ಏನೂ ಆಗಲಿಲ್ಲ.

ಇಂಥ ನಷ್ಟವಿರುವ ಗಾಡಿ ಬಿಸಿಯಾದಾಗಲೇ ಹೆಚ್ಚು ಮೊಂಡಾಗುವುದೇಕೆ? ಉಷ್ಣತೆ 60 ಡಿಗ್ರಿ ಏರಿದರೆ ತಾಮ್ರದ ರೋಧ ಐದನೆಯ ಒಂದು ಪಾಲಿಗಿಂತಲೂ ಹೆಚ್ಚಾಗುತ್ತದೆ. ಮೊದಲೇ ಹಸಿದಿದ್ದ ಸ್ಟಾರ್ಟರಿನ ಊಟಕ್ಕೆ ಮತ್ತೂ ಕೊರತೆ.

ಸ್ಟಾರ್ಟರ್ ಚುರುಕಾಗಿ ತಿರುಗಿಯೂ ಇಂಜಿನ್ನು ಹತ್ತಿಕೊಳ್ಳದಿದ್ದರೆ ಕಿಡಿಯನ್ನು ನೋಡಬೇಕು. ಗೇರನ್ನು ನ್ಯೂಟ್ರಲಿಗೆ ತಂದು, ಪೆಟ್ರೋಲು ಎಲ್ಲಿಯೂ ಚೆಲ್ಲಿಲ್ಲವೆಂದು ಖಚಿತಮಾಡಿಕೊಂಡು, ಒಂದು ಪ್ಲಗ್ಗಿನ ತಂತಿಯನ್ನು ಕಿತ್ತು, ಬೇರೊಂದು ಪ್ಲಗ್ಗಿಗೆ ಸಿಕ್ಕಿಸಬೇಕು. ಆ ಪ್ಲಗ್ಗನ್ನು ಕಾರ್ಬ್ಯುರೇಟರಿನಿಂದ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಗುಲುವಂತೆ ಭದ್ರವಾಗಿ ಇರಿಸಿ, ಕೈ ತೆಗೆದು, ಸ್ಟಾರ್ಟರನ್ನು ತಿರುಗಿಸಿದರೆ ನೀಲಿ ಕಿಡಿ ಕಾಣಬೇಕು. ಈ ಕಿಡಿಗೆ ಮೂಲ ಫ್ಯಾರಡೆಯ ತತ್ತ್ವವೇ. ಕಾಯಿಲಿನ ಹೊರಸುತ್ತಿನಲ್ಲಿ ಹರಿಯುವ ಪ್ರವಾಹವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಥಟ್ಟನೆ ಕಡಿದಾಗ, ಕೂದಲೆಳೆಯಂತಹ ಒಳಸುತ್ತಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಆ ಸಣ್ಣ ತಂತಿ ಎಲ್ಲಿಯಾದರೂ ಬಿರಿದಿದ್ದರೆ ಬಿಸಿಯಲ್ಲಿ ಹಿಗ್ಗಿ ತುದಿಗಳು ಅಗಲುತ್ತವೆ, ತಣಿದಾಗ ಕೂಡುತ್ತವೆ. ಕಂಡೆನ್ಸರೂ ಬಿಸಿಯಲ್ಲಿ ಸೋರುವುದುಂಟು. ಮಲೆನಾಡಿನ ಮಳೆಗಾಲದ ಮುಂಜಾನೆಗಳಲ್ಲಿ ಮಾತ್ರ ಹಠಮಾಡಿ, ಬಿಸಿಲೇರಿದ ಮೇಲೆ ಸರಿಹೋಗುವ ಗಾಡಿಯಲ್ಲಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಬಿರುಕನ್ನೂ ಹಳೆಯ ತಂತಿಗಳ ರಬ್ಬರನ್ನೂ ಶಂಕಿಸಬೇಕು. ಕತ್ತಲಲ್ಲಿ ಇಂಜಿನ್ನನ್ನು ಓಡಬಿಟ್ಟು, ತಂತಿಗಳ ಮೇಲೆ ತುಸು ನೀರು ಸಿಂಪಡಿಸಿ, ಮುಟ್ಟದೆ ನೋಡಿದರೆ ಕಿಡಿಗಳು ಹೊರಮೈಯ ಮೇಲೆ ಹರಿದಾಡುವುದು ಕಂಡೀತು.

ಕಿಡಿಯೂ ಚೆನ್ನಾಗಿದ್ದರೆ ಉಳಿಯುವುದು ಪೆಟ್ರೋಲು. ಅದರ ಹಗುರವಾದ ಅಂಶಗಳು 40 ಡಿಗ್ರಿಯ ಸುಮಾರಿನಲ್ಲಿಯೇ ಕುದಿಯತೊಡಗುತ್ತವೆ. ಇಂಜಿನ್ನು ನಿಂತೊಡನೆ ಫ್ಯಾನೂ ನೀರಿನ ಸಂಚಾರವೂ ನಿಲ್ಲುವುದರಿಂದ ಬಾನೆಟ್ಟಿನೊಳಗಿನ ಶಾಖ ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ಕಾಫಿಯ ಕಾಲು ಗಂಟೆ ಸರಿಯಾಗಿ ಆ ಹೊತ್ತು! ಇಂಜಿನ್ನಿಗೇ ಅಂಟಿಕೊಂಡ ಪಂಪಿರುವ ಗಾಡಿಗಳಲ್ಲಿ ಅಲ್ಲಿಯೇ ಆವಿ ತುಂಬಿಕೊಂಡು ಪೆಟ್ರೋಲಿನ ದಾರಿ ಕಟ್ಟುತ್ತದೆ. ಆಗ ಪ್ಲಗ್ಗನ್ನು ಬಿಚ್ಚಿದರೆ ಒಣಗಿರುತ್ತದೆ. ಒದ್ದೆಯಾಗಿದ್ದರೆ ರೋಗ ಬೇರೆ: ಕಾರ್ಬ್ಯುರೇಟರಿನಿಂದ ಪೆಟ್ರೋಲು ಅತಿಯಾಗಿ ಇಳಿದಿದೆಯೆಂದರ್ಥ.

ಟ್ಯಾಕ್ಸಿಯವರು ಪಂಪಿಗೆ ಒದ್ದೆ ಬಟ್ಟೆ ಸುತ್ತುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಇದು ಚಿಕಿತ್ಸೆ ಮಾತ್ರವಲ್ಲ, ಒಳ್ಳೆಯ ಪ್ರಯೋಗವೂ ಹೌದು. ಗಾಡಿಯನ್ನು ಸುಮ್ಮನೆ ಅರ್ಧ ಗಂಟೆ ಬಿಟ್ಟರೆ ಪಂಪೂ ತಣಿಯುತ್ತದೆ, ಕಾಯಿಲೂ ತಣಿಯುತ್ತದೆ. ಇಂಜಿನ್ನು ಹೊರಟರೂ ತಪ್ಪು ಯಾರದೆಂದು ತಿಳಿಯದು. ಪಂಪೊಂದನ್ನೇ ತಣಿಸಿ, ಕಾಯಿಲು ಇನ್ನೂ ಸುಡುತ್ತಿರುವಾಗಲೇ ಇಂಜಿನ್ನು ಹೊರಟಿತೆಂದರೆ ಕಾಯಿಲಿನ ಮೇಲಿನ ಆರೋಪ ಬಿದ್ದುಹೋಯಿತು. ಹೊಸ ಕಾಯಿಲಿಗೆ ಕೊಡಬೇಕಾಗಿದ್ದ ಹಣ ಜೇಬಿನಲ್ಲಿಯೇ ಉಳಿಯಿತು.