ಕರೆಂಟಿಲ್ಲದ ಸಾಣೆ



ರಾಗಿ ಕೊಯ್ಲು ಹತ್ತಿರ ಬಂತೆಂದರೆ ಎಲ್ಲರ ಮನೆಯಲ್ಲೂ ಕೇಳೋ ಮಾತು ಒಂದೇ: "ಕುಡ್ಲು ಮೊಂಡಾಗದೆ, ಮಸೀಬೇಕು." ಮಸೆದರೆ ಕಬ್ಬಿಣ ಹರಿತವಾಗುವುದು ಹೇಗೆ? ಬರೀ ಕೈಕಾಲಿನ ಬಲದಿಂದ ಸಾಣೆ ಹಿಡಿಯುವ ಕ್ರಮಗಳನ್ನು ಈಗ ತಿಳಿಯೋಣ.

ಹರಿತ ಎಂದರೇನು?
ಒತ್ತಡ = ಬಲ ÷ ವಿಸ್ತೀರ್ಣ. ಕತ್ತಿಯ ಬಾಯಿ ಹತ್ತರಲ್ಲಿ ಒಂದು ಪಾಲು ತೆಳುವಾದರೆ, ಅಷ್ಟೇ ಬಲಕ್ಕೆ ಹತ್ತು ಪಟ್ಟು ಒತ್ತಡ ಬೀಳುತ್ತದೆ. ಆದ್ದರಿಂದ ಹರಿತವಾದ ಕತ್ತಿ ಸಲೀಸಾಗಿ ಕೊಯ್ಯುತ್ತದೆ. ಮೊಂಡು ಕತ್ತಿಯನ್ನು ನಾವು ಜೋರಾಗಿ ಒತ್ತುತ್ತೇವೆ, ಅದು ಜಾರಿ ಕೈ ಕೊಯ್ಯುತ್ತದೆ. ಮೊಂಡು ಕತ್ತಿಯೇ ಹೆಚ್ಚು ಅಪಾಯ!

ಕಲ್ಲೇ ಏಕೆ ಬೇಕು?
ಗಟ್ಟಿ ವಸ್ತು ಮಾತ್ರ ಮೆದು ವಸ್ತುವನ್ನು ಸವೆಸುತ್ತದೆ. ಖನಿಜಗಳ ಗಡಸುತನಕ್ಕೆ ಮೋಸ್ ಎಂಬ ವಿಜ್ಞಾನಿ ಮಾಡಿದ 1ರಿಂದ 10ರ ಅಳತೆ ಇದೆ. ವಜ್ರ 10, ಕುರುಂದದ ಕಲ್ಲು 9, ಬೆಣಚುಕಲ್ಲು 7. ಚಾಕುವಿನ ಉಕ್ಕು ಸುಮಾರು 6. ಕುರುಂದ ನಮ್ಮ ಕರ್ನಾಟಕದಲ್ಲೂ ಸಿಗುತ್ತದೆ. ಅಂಗಡಿಯ ಕಪ್ಪು ಸಾಣೆಕಲ್ಲು ಕಾರ್ಬೊರಂಡಮ್. ಇದನ್ನು 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಂಡುಹಿಡಿದರು. (ಗಂಧ ತೇಯುವ ಸಾಣೆಕಲ್ಲೇ ಬೇರೆ, ಅದರ ಮೇಲೆ ಚಾಕು ಮಸೆದು ಬೈಸಿಕೊಳ್ಳಬೇಡಿ!)

ಸಾಣೆಯ ವಿಧಗಳು

1. ಮಸೆಗಲ್ಲು: ಕಲ್ಲಿಗೆ ನೀರು ಹಾಕಿ ಕತ್ತಿಯನ್ನು ಓರೆಯಾಗಿ ಹಿಡಿದು ಉಜ್ಜುವುದು. ನೀರು ಕಲ್ಲಿನ ಪುಡಿಯನ್ನು ತೊಳೆಯುತ್ತದೆ. ಓರೆ ಎಷ್ಟಿರಬೇಕು? ಕತ್ತಿಯನ್ನು ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ, ಅದರ ಅರ್ಧ 45, ಮತ್ತೆ ಅರ್ಧ ಮಾಡಿದರೆ ಸುಮಾರು 22. ಅಡುಗೆ ಚಾಕುವಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಕೊಡಲಿಗೆ ಸ್ವಲ್ಪ ಜಾಸ್ತಿ. ಕೊಡಲಿ ಬಾಯಿ ತೀರಾ ತೆಳುವಾದರೆ ಮುಕ್ಕಾಗುತ್ತದೆ.

2. ಪಟ್ಟಿ ಸಾಣೆ: ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು. ಚಕ್ರದ ಅಚ್ಚಿಗೆ ತೊಗಲಿನ ಪಟ್ಟಿ ಸುತ್ತಿ ಒಬ್ಬರು ಎರಡೂ ತುದಿಯನ್ನು ಒಂದಾದ ಮೇಲೊಂದು ಎಳೆಯುತ್ತಾರೆ, ಮಜ್ಜಿಗೆ ಕಡೆದ ಹಾಗೆ. ಇನ್ನೊಬ್ಬರು ಕತ್ತಿ ಹಿಡಿಯುತ್ತಾರೆ. ಚಕ್ರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ.

3. ಸೈಕಲ್ ಸಾಣೆ: "ಸಾಣೇ... ಚಾಕು ಸಾಣೇ..." ಎಂದು ಕೂಗುತ್ತಾ ಬರುವವರದು. ಸೈಕಲ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಮುಂದಿನ ಕಲ್ಲು ತಿರುಗುತ್ತದೆ. ಕಾಲು ತುಳಿಯುವುದರಿಂದ ಎರಡು ಕೈಯೂ ಕತ್ತಿಗೆ ಸಿಗುತ್ತವೆ. ಒಬ್ಬರೇ ಸಾಕು.

ಕಕ್ಕಿನ ಕುಡುಗೋಲು ಮಾತ್ರ ಕಲ್ಲಿಗೆ ಬಗ್ಗೋದಿಲ್ಲ. ಅದರ ಹಲ್ಲು ಸವೆದರೆ ಕುಲುಮೆಗೆ ಒಯ್ದು ಮತ್ತೆ ಕಕ್ಕು ಹಾಕಿಸಬೇಕು.

ನಿಧಾನವೇ ಒಳ್ಳೆಯದು
ಕರೆಂಟಿನ ಮಿಷನ್ ಬೇಗ ಮಾಡ್ತದಲ್ಲ ಅಂತ ಕೇಳಬಹುದು. ನಿಜ. ಆದರೆ ಕಲ್ಲು ಜೋರಾಗಿ ತಿರುಗಿದಾಗ ಕತ್ತಿಯ ತೆಳು ಬಾಯಿ ಬೇಗ ಕಾಯುತ್ತದೆ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆಗ ಕಮ್ಮಾರರು ಕುಲುಮೆಯಲ್ಲಿ ಹಾಕಿದ ಹದ ಇಳಿದು ಬಾಯಿ ಮೆತ್ತಗಾಗುತ್ತದೆ. ಅಂಥ ಕತ್ತಿ ಬೇಗ ಮೊಂಡಾಗುತ್ತದೆ. ಮಸೆಗಲ್ಲಿನ ಮೇಲೆ ನೀರಿದೆ, ವೇಗವಿಲ್ಲ. ಹದ ಹಾಗೇ ಉಳಿಯುತ್ತದೆ. ಮಿಷನ್‌ನಲ್ಲಿ ಹಿಡಿಸುವುದಾದರೆ ಆಗಾಗ ನೀರಿನಲ್ಲಿ ಅದ್ದಿ ಅಂತ ಹೇಳಿ.

ಗಮನಿಸಿ
* ಹರಿತ ನೋಡಲು ಬೆರಳು ಎಳೆಯಬೇಡಿ. ಹಳೇ ಕಾಗದ ಕೊಯ್ದು ನೋಡಿ.
* ದೊಡ್ಡವರು ಹತ್ತಿರ ಇಲ್ಲದೆ ಮಸೆಯಬೇಡಿ.
* ಮಸೆದ ಕುಡುಗೋಲನ್ನು ಸೂರಿಗೆ ಸಿಕ್ಕಿಸಿ. ನೆಲದ ಮೇಲೆ ಬಿಡಬೇಡಿ, ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ.

ಯೋಚಿಸಿ ಹೇಳಿ: ಸಾಣೆ ಹಿಡಿಯುವಾಗ ಹಾರುವ ಕಿಡಿ ಕಲ್ಲಿನದೋ, ಉಕ್ಕಿನದೋ?
(ಉತ್ತರ: ಉಕ್ಕಿನದು. ಸವೆದ ಉಕ್ಕಿನ ಚೂರು ಕಾದು ಗಾಳಿಯಲ್ಲಿ ಉರಿಯುತ್ತದೆ. ಅಂದರೆ ಪ್ರತಿ ಕಿಡಿಯೂ ನಿಮ್ಮ ಕತ್ತಿಯ ಒಂದು ಚೂರು. ಅದಕ್ಕೇ ಬೇಕಾದಷ್ಟೇ ಮಸೆಯಿರಿ!)

— 7ನೇ ತರಗತಿ ವಿದ್ಯಾರ್ಥಿ