ಹಳೆಯ ಸೀರೆಯ ಎರಡನೆಯ ಬಾಳು

ಉಳಿತಾಯವೆಂದೊಡನೆ ಅಂಚೆ ಕಚೇರಿಯ ಪಾಸುಪುಸ್ತಕ, ಪತ್ತಿನ ಸಹಕಾರಿ ಸಂಘದ ಷೇರು, ಹೆಚ್ಚೆಂದರೆ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಚಿಲ್ಲರೆ ನೆನಪಿಗೆ ಬರುವುದು ಸಹಜ. ಕೈಗೆ ಬಂದ ಹಣವನ್ನು ಖರ್ಚುಮಾಡದೆ ಇಡುವುದು ಉಳಿತಾಯದ ಒಂದು ಬಗೆ. ಒಮ್ಮೆ ಹಣ ಕೊಟ್ಟು ತಂದ ವಸ್ತುವಿನಿಂದ ಎರಡನೆಯ ಬಾರಿ, ಮೂರನೆಯ ಬಾರಿ ಕೆಲಸ ತೆಗೆಯುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಜಮಾಖರ್ಚಿನ ಪುಸ್ತಕದಲ್ಲಿ ಪುಟವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಅದಕ್ಕೆಂದು ಹಳೆಯ ಬಟ್ಟೆಯ ಅಂಗಡಿಗಳಿವೆ; ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಲ್ಲಿ ಕೌದಿ ಇದೆ.

ಕೌದಿಯ ವಿಚಾರವನ್ನು ಇಳಕಲ್ ಸೀರೆಯಿಂದ ಆರಂಭಿಸುವುದೇ ಸರಿ. ಈ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯ ನೂಲಿನದು. ಬಿಳಿಯ ತೆನೆಗಳು ಮೂಡಿದ ಕೆಂಪು ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡರ ಹಾಸುನೂಲು ಬೇರೆ ಬೇರೆಯಾದುದರಿಂದ ನೇಕಾರರು ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೊಂಡಿಯ ಕೆಲಸವೇ ಇಳಕಲ್ಲಿನ ಹೆಗ್ಗುರುತು. ಅದರಿಂದ ಇನ್ನೊಂದು ಪರಿಣಾಮವೂ ಉಂಟು: ಒಂದೇ ಸೀರೆಯಲ್ಲಿ ಎರಡು ಬಗೆಯ ಬಟ್ಟೆಗಳಿದ್ದು, ಅವು ಒಂದೇ ಕಾಲಕ್ಕೆ ಹಳತಾಗುವುದಿಲ್ಲ. ಕುಳಿತು ಎದ್ದು, ಹೊಲದಲ್ಲಿ ದುಡಿದು, ಕಲ್ಲಿನ ಮೇಲೆ ಒಗೆದು ಒಡಲು ಮೊದಲು ಸವೆಯುತ್ತದೆ; ಸೆರಗು ಮತ್ತು ದಡಿ ಇನ್ನೂ ಗಟ್ಟಿಯಾಗಿರುತ್ತವೆ. ಮನೆಯ ಹಿರಿಯಳು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಯಾವ ಭಾಗ ಯಾವುದಕ್ಕೆ ಎಂದು ನಿರ್ಧರಿಸುವುದು ಇಲ್ಲಿಂದಲೇ.

ನಡುವೆ ಮಾತ್ರ ಹರಿದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಕೂಡಿಸಿ ಹೊಲಿದು ಮನೆಯಲ್ಲಿ ಉಡಲು ಇಡಲಾಗುತ್ತಿತ್ತು. ಮೆತ್ತಗಾದ ಹತ್ತಿಯ ತುಂಡು ಬಾಣಂತಿಯ ಕೋಣೆಗೆ ಹೋಗುತ್ತಿತ್ತು. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕದೆ ಹಿರಿಯರ ಹಳೆಯ ಬಟ್ಟೆಯನ್ನೇ ಸುತ್ತುವ ರೂಢಿಗೆ ಹಾರೈಕೆಯ ಅರ್ಥವಿದೆ. ಗಂಜಿಯಿಲ್ಲದ, ಹಲವು ನೀರು ಕಂಡ ಹತ್ತಿ ಎಳೆಯ ಚರ್ಮಕ್ಕೆ ಹಿತವೆಂಬ ವಿವೇಕವೂ ಇದೆ. ಗುಳೇದಗುಡ್ಡದ ಖಣದಿಂದ ಕುಪ್ಪಸ ಹೊಲಿದು ಉಳಿದ ಚೂರುಗಳು ಕೂಸಿನ ಕುಲಾವಿಯಾಗುತ್ತಿದ್ದವು. ಇವೆಲ್ಲ ಮುಗಿದ ಮೇಲೆ ಉಳಿದದ್ದು ಗಂಟಿಗೆ ಸೇರುತ್ತಿತ್ತು. ಗಂಟು ದೊಡ್ಡದಾದಾಗ, ಸುಗ್ಗಿ ಮುಗಿದು ಕೈ ಬಿಡುವಾದ ಬೇಸಿಗೆಯಲ್ಲಿ, ಕೌದಿ ನೆಲಕ್ಕೆ ಬೀಳುತ್ತಿತ್ತು.

ಕೌದಿಗೆ ಎಷ್ಟು ಬಟ್ಟೆ ಬೇಕು? ಶಾಲೆಯ ಗಣಿತದಿಂದಲೇ ಇದನ್ನು ತಿಳಿಯಬಹುದು. ಕೌದಿಯ ಉದ್ದ 2 ಮೀಟರು, ಅಗಲ 1.5 ಮೀಟರು ಎಂದಿಟ್ಟುಕೊಂಡರೆ ಒಂದು ಪದರಿಗೆ 3 ಚದರ ಮೀಟರು ಬಟ್ಟೆ ಬೇಕು. ಆರು ಗಜದ ಸೀರೆಯ ವಿಸ್ತಾರ ಸುಮಾರು 6.6 ಚದರ ಮೀಟರು. ಅದರಲ್ಲಿ ಮೂರನೆಯ ಒಂದು ಭಾಗ ಜೀರ್ಣವಾಗಿದೆಯೆಂದು ಬಿಟ್ಟರೆ 4.4 ಉಳಿಯುತ್ತದೆ. ಐದು ಪದರಿನ ಕೌದಿಗೆ ಬೇಕಾದ 15 ಚದರ ಮೀಟರಿಗೆ ಮೂರು ಸೀರೆ ಸಾಲವು, ನಾಲ್ಕು ಬೇಕು. ಇಲ್ಲವೆ ಮೂರು ಸೀರೆಯ ಜೊತೆಗೆ ಒಂದು ಹಳೆಯ ಧೋತರ. ಬಟ್ಟೆಗೆ ಖರ್ಚಿಲ್ಲ, ಸೂಜಿ ಮತ್ತು ದಾರದ ಬೆಲೆ ಅಲ್ಪ. ಇಷ್ಟಕ್ಕೇ ಲೆಕ್ಕ ನಿಲ್ಲಿಸಿ ಕೌದಿಯು ಪುಕ್ಕಟೆಯಾಗಿ ಬಂದಿತೆಂದು ಬರೆಯುವುದು ವಾಡಿಕೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಹೊಲಿಗೆಯು ಅಂಚಿನಿಂದ ಹೊರಟು, ಒಂದರೊಳಗೊಂದು ಚೌಕವಾಗಿ ಸುತ್ತುತ್ತ ನಡುವಿನ ಕಡೆಗೆ ಸಾಗುತ್ತದೆ. ಒಂದು ಸಾಲಿಗೂ ಇನ್ನೊಂದಕ್ಕೂ 2 ಸೆಂಟಿಮೀಟರು ಅಂತರವಿದ್ದರೆ ಹೊಲಿಗೆಯ ಒಟ್ಟು ಉದ್ದ ಸುಮಾರು 150 ಮೀಟರು. ಸೆಂಟಿಮೀಟರಿಗೊಂದು ಹೊಲಿಗೆಯಂತೆ 15,000 ಹೊಲಿಗೆಗಳು. ಪಳಗಿದ ಕೈ ನಿಮಿಷಕ್ಕೆ ಹದಿನೈದು ಹೊಲಿಗೆ ಹಾಕಿತೆಂದರೂ 1,000 ನಿಮಿಷ, ಎಂದರೆ ಹದಿನಾರು ತಾಸಿಗೂ ಮೇಲೆ. ಅದೂ ನೆಲದ ಮೇಲೆ ಬಾಗಿ ಕುಳಿತು. ತುಂಡು ಆಯ್ದು ಕತ್ತರಿಸುವ, ಪದರು ಹಾಸಿ ಸುಕ್ಕು ತೀಡುವ ಕೆಲಸ ಇದರಲ್ಲಿ ಸೇರಿಲ್ಲ. ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರಿಗಾದರೆ ಹಣವೋ ಕಾಳೋ ಸಲ್ಲುತ್ತಿತ್ತು. ಮನೆಯ ಅತ್ತೆ, ಸೊಸೆ, ನೆರೆಮನೆಯ ಅವ್ವ ಕೂಡಿ ಹೊಲಿದಾಗ ಆ ದುಡಿಮೆಯನ್ನು ಯಾರೂ ಎಣಿಸಲಿಲ್ಲ. ಮನೆಯ ಯಜಮಾನನು ಹೊದಿಕೆಯ ಹಣ ಉಳಿಯಿತೆಂದು ಸಂತೋಷಪಟ್ಟದ್ದು ಈ ಸಾವಿರ ನಿಮಿಷಗಳ ಬಲದ ಮೇಲೆ. ಮಿತವ್ಯಯದ ಪಾಠಗಳಲ್ಲಿ ಈ ಮಾತು ಬಿಟ್ಟುಹೋಗುವುದು ದೊಡ್ಡ ಕೊರತೆಯೇ ಸರಿ.

ಹಳೆಯ ಬಟ್ಟೆಗೆ ಇನ್ನೊಂದು ದಾರಿಯೆಂದರೆ ಪಾತ್ರೆ ಮಾರುವವರ ಬುಟ್ಟಿ. ಬಾಗಿಲಿಗೆ ಬಂದವರಿಗೆ ಬಟ್ಟೆಯ ಗಂಟು ಕೊಟ್ಟು ಸ್ಟೀಲಿನ ಡಬ್ಬಿಯನ್ನೋ ತಾಟನ್ನೋ ಪಡೆಯುವ ಈ ವಿನಿಮಯ ನಾಡಿನ ಎಲ್ಲೆಡೆ ಪರಿಚಿತ. ಜರಿಯ ಸೀರೆಗೂ ಗಟ್ಟಿಯಾದ ಪ್ಯಾಂಟಿಗೂ ಅಲ್ಲಿ ಬೆಲೆಯುಂಟು. ಸವೆದ ಹತ್ತಿಗೆ ಇಲ್ಲ, ಅದು ಕೊನೆಗೆ ಗ್ಯಾರೇಜುಗಳಲ್ಲಿ ಎಣ್ಣೆ ಒರೆಸುವ ಚಿಂದಿಯಾಗುತ್ತದೆ. ಆದುದರಿಂದ ಯಾವುದನ್ನು ಬುಟ್ಟಿಗೆ ಹಾಕಬೇಕು, ಯಾವುದನ್ನು ಕೌದಿಗೆ ಇಡಬೇಕು ಎಂಬುದನ್ನು ಜಾಣ ಗೃಹಿಣಿಯರು ಬಲ್ಲರು.

ಇಷ್ಟಾಗಿಯೂ ಪರರು ಉಟ್ಟ ಬಟ್ಟೆಯನ್ನು ಕೊಂಡು ಉಡುವ ಅಂಗಡಿ ಈ ಸೀಮೆಯಲ್ಲಿ ಬೇರೂರಲಿಲ್ಲ. ಮೈಲಿಗೆಯ ಭಾವನೆಯೊಂದೇ ಇದಕ್ಕೆ ಕಾರಣವೆಂದರೆ ಅರ್ಧಸತ್ಯವಾದೀತು. ಹಳೆಯ ಬಟ್ಟೆಯು ಬಹುಕಾಲ ಮೇಲಿನವರು ಕೆಳಗಿನವರಿಗೆ, ಒಡೆಯರು ಆಳುಗಳಿಗೆ ಕೊಡುವ ವಸ್ತುವಾಗಿತ್ತು. ಪಡೆದವನು ಅದನ್ನು ಧರಿಸಿ ಬೀದಿಯಲ್ಲಿ ನಡೆದಾಗ ಅದು ಯಾರ ಮನೆಯದೆಂದು ಊರಿಗೆಲ್ಲ ತಿಳಿಯುತ್ತಿತ್ತು. ಕೌದಿಯಲ್ಲಿ ಈ ಮುಜುಗರವಿಲ್ಲ. ಅಲ್ಲಿ ಬಟ್ಟೆ ತನ್ನ ಮನೆಯದು, ಬೇರೆಯವರದಾದರೂ ತುಂಡುತುಂಡಾಗಿ ಗುರುತು ಅಳಿದದ್ದು.

ಹೊರಗಿನ ಹಳೆಯ ಬಟ್ಟೆಯ ಅಂಗಡಿಗಳ ಹುಟ್ಟನ್ನು ನೋಡಿದರೂ ಇದೇ ಮಾನದ ಪ್ರಶ್ನೆ ಕಾಣುತ್ತದೆ. ಅಮೆರಿಕೆಯ ಬಾಸ್ಟನ್ ನಗರದಲ್ಲಿ 1902ರಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ ಆರಂಭಿಸಿದ ‘ಗುಡ್‌ವಿಲ್’ ಸಂಸ್ಥೆಯು ಉಳ್ಳವರಿಂದ ಹಳೆಯ ಬಟ್ಟೆ ಸಂಗ್ರಹಿಸಿ, ಬಡವರಿಗೆ ಕೂಲಿ ಕೊಟ್ಟು ಅದನ್ನು ದುರಸ್ತಿ ಮಾಡಿಸಿ, ಅಗ್ಗದ ಬೆಲೆಗೆ ಮಾರಿತು. ಬೆಲೆ ಎಷ್ಟೇ ಚಿಕ್ಕದಿರಲಿ, ಕೊಟ್ಟು ಕೊಂಡವನು ಯಾರಿಗೂ ಋಣಿಯಲ್ಲ. ನಮ್ಮ ದೇಶದಲ್ಲಿ ಅಂಶು ಗುಪ್ತಾ ಅವರು 1999ರಲ್ಲಿ ದಿಲ್ಲಿಯಲ್ಲಿ ಸ್ಥಾಪಿಸಿದ ‘ಗೂಂಜ್’ ಸಂಸ್ಥೆಯು ಹಳ್ಳಿಯವರು ತಮ್ಮೂರಿನ ಬಾವಿ, ರಸ್ತೆಗಳ ಕೆಲಸ ಮಾಡಿ ಅದಕ್ಕೆ ಪ್ರತಿಯಾಗಿ ಬಟ್ಟೆ ಪಡೆಯುವ ಪದ್ಧತಿಯನ್ನು ರೂಢಿಗೆ ತಂದಿತು. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಗೆ ಹರಿದುಬಂದ ಹಳೆಯ ಬಟ್ಟೆ ರಸ್ತೆಯ ಬದಿಯಲ್ಲಿ ರಾಶಿರಾಶಿಯಾಗಿ ಬಿದ್ದು ಹಾಳಾಯಿತು. ಮೀನುಗಾರರಿಗೆ ಬೇಡವಾದ ಉಡುಪನ್ನು ದಾನಿಗಳು ಕೇಳದೆ ಕಳಿಸಿದ್ದರು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ನೆರೆಯನ್ನು ಕಂಡ ಬಾದಾಮಿ, ಹುನಗುಂದದ ಕಡೆಯವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಬಟ್ಟೆ ಕೊಡುವ ಮೊದಲು ಒಗೆದು, ಗುಂಡಿ ಹಚ್ಚಿ, ಯಾರಿಗೆ ಏನು ಬೇಕೆಂದು ಕೇಳುವುದು ಕೊಡುವವರ ಪಾಲಿನ ಕೆಲಸ.

ಇಂದು ಕೌದಿಯನ್ನು ಹಿಂದಕ್ಕೆ ತಳ್ಳಿರುವುದು ಸಂತೆಯ ಅಗ್ಗದ ಹೊದಿಕೆ. ಇದರಲ್ಲೊಂದು ವಿನೋದವಿದೆ. ಹರಿಯಾಣದ ಪಾಣಿಪತ್ತಿನಲ್ಲಿ ಬಹುಕಾಲದಿಂದ ತಯಾರಾಗುವ ಅಗ್ಗದ ಉಣ್ಣೆಯ ಕಂಬಳಿಗಳಿಗೆ ಪಾಶ್ಚಾತ್ಯರು ತೊಟ್ಟು ಬಿಟ್ಟ ಸ್ವೆಟರು, ಕೋಟುಗಳೇ ಮೂಲ. ಅವನ್ನು ಚಿಂದಿಮಾಡಿ, ಎಳೆ ಬಿಡಿಸಿ, ಮತ್ತೆ ನೂಲು ತೆಗೆಯುತ್ತಾರೆ. ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ 1813ರಲ್ಲಿ ಕಂಡುಕೊಂಡ ವಿದ್ಯೆಯಿದು. ತನ್ನ ಮನೆಯ ಹಳೆಯ ಸೀರೆಯನ್ನು ಬಿಟ್ಟವನು ಪರದೇಶದ ಹಳೆಯ ಕೋಟನ್ನು ಹೊದ್ದು ಮಲಗಿರಬಹುದು, ತಿಳಿಯದೆ!

ಕೌದಿ ಕಡಿಮೆಯಾಗಲು ಇನ್ನೂ ಆಳವಾದ ಕಾರಣ ಸೀರೆಯಲ್ಲಿಯೇ ಇದೆ. ಪಾಲಿಯೆಸ್ಟರ್ ಸೀರೆ ಬೇಗ ಹರಿಯದು, ಬಣ್ಣ ಬಿಡದು, ಒಗೆದರೆ ಬೇಗ ಒಣಗುವುದು. ದಿನದ ದುಡಿಮೆಗೆ ಅದನ್ನು ಆರಿಸಿಕೊಂಡ ಹೆಣ್ಣುಮಕ್ಕಳನ್ನು ಆಕ್ಷೇಪಿಸಲಾಗದು. ಆದರೆ ಹಳತಾದಷ್ಟೂ ಮೆತ್ತಗಾಗುವ ಗುಣ ಅದಕ್ಕಿಲ್ಲ. ಪದರು ಹಾಸಿದರೆ ಜಾರುತ್ತದೆ, ಬೆವರು ಹೀರದು. ಹತ್ತಿಯ ಸೀರೆ ಕೊಳ್ಳುವಾಗ ಹಿಂದಿನವರು ಅಂಚನ್ನು ಬೆರಳುಗಳ ನಡುವೆ ತಿಕ್ಕಿ ನೋಡುತ್ತಿದ್ದರು. ಉಡುವ ವರುಷಗಳ ಜೊತೆಗೆ ಹೊದೆಯುವ ವರುಷಗಳನ್ನೂ ಅವರು ಅಂಗಡಿಯಲ್ಲಿಯೇ ಎಣಿಸುತ್ತಿದ್ದರೆನ್ನಬೇಕು. ಇತ್ತ ನಗರಗಳ ಕರಕುಶಲ ಮಳಿಗೆಗಳಲ್ಲಿ ಮಾರಾಟಕ್ಕಿರುವ ಕೌದಿಗಳಿಗೆ ಹೊಸ ಬಟ್ಟೆಯನ್ನೇ ತುಂಡರಿಸಿ ಹೊಲಿಯುವುದೂ ಉಂಟು. ಉಳಿತಾಯದ ದೃಷ್ಟಿಯಿಂದ ಅದು ತಲೆಕೆಳಗಾದ ವ್ಯವಹಾರ. ಆದರೆ ಅಲ್ಲಿ ಹೊಲಿದವಳಿಗೆ ಕೂಲಿಯೆಂಬುದು ಸಿಗುತ್ತದೆ, ಇದನ್ನೂ ಒಪ್ಪಬೇಕು.

ಮನೆಯ ಕೌದಿ ಹರಿದರೆ ಅದನ್ನು ಎಸೆಯುವ ಪದ್ಧತಿ ಇರಲಿಲ್ಲ. ಮೇಲೆ ಕೆಳಗೆ ಇನ್ನೊಂದು ಹಳೆಯ ಸೀರೆ ಹಾಸಿ ಮತ್ತೆ ಹೊಲಿಯುತ್ತಿದ್ದರು. ಹೀಗೆ ಎರಡು ಮೂರು ಬಾರಿ ಹೊಲಿದ ಕೌದಿ ದಪ್ಪವಾಗಿ, ಹಬ್ಬದ ಮುಂಚೆ ಹೊಳೆಯಲ್ಲಿ ನೆನೆದಾಗ ಎತ್ತಲು ಇಬ್ಬರು ಬೇಕಾಗುತ್ತಿತ್ತು. ಅದರ ಹೊಲಿಗೆ ಬಿಚ್ಚಿದರೆ ಮೇಲೆ ಸೊಸೆಯ ಸೀರೆ, ಅದರ ಕೆಳಗೆ ಅತ್ತೆಯದು, ಎಲ್ಲಕ್ಕೂ ಒಳಗೆ ಬಣ್ಣ ತಿಳಿಯದಷ್ಟು ಮಾಸಿದ ಅಜ್ಜಿಯ ಇಳಕಲ್ ಸೀರೆಯ ಒಡಲು.