ಕೈಗಡದ ಧರ್ಮ

ಕಮಲಾಪುರದಿಂದ ಬಂದು ಕಲಬುರಗಿಯಲ್ಲಿ ಉದ್ಯೋಗ ಹಿಡಿದಿರುವ ಚಿರಂಜೀವಿಗೆ ಸೋದರಮಾವನ ಆಶೀರ್ವಾದಗಳು.

ತಿಂಗಳ ಸಂಬಳ ಕೈಸೇರಲಾರಂಭಿಸಿದ ಮೇಲೆ ಬಂಧುಗಳೂ ಬಾಲ್ಯದ ಗೆಳೆಯರೂ ಕೈಗಡ ಕೇಳತೊಡಗಿದ್ದಾರೆಂದೂ, ಕೊಟ್ಟರೆ ಹಣ ಹೋದೀತು, ಕೊಡದಿದ್ದರೆ ನಂಟು ಹೋದೀತು ಎಂಬ ಸಂದಿಗ್ಧದಲ್ಲಿ ಸಿಲುಕಿರುವೆಯೆಂದೂ ಬರೆದಿರುವೆ. ಈ ಪ್ರಶ್ನೆ ನಿನ್ನೊಬ್ಬನದಲ್ಲವಾದುದರಿಂದ, ಊರು ಬಿಟ್ಟು ನಗರದಲ್ಲಿ ಗಳಿಸುತ್ತಿರುವ ತರುಣರೆಲ್ಲರೂ ಓದಲೆಂದು ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೇಳುವವನನ್ನು ಹೀನನೆಂದು ಎಣಿಸಬೇಡ. ಮಳೆಯನ್ನೇ ನೆಚ್ಚಿದ ನಮ್ಮ ಕರಿಯ ನೆಲದಲ್ಲಿ ಮುಂಗಾರಿನೊಡನೆ ಬಿತ್ತಿದ ತೊಗರಿಯು ರಾಶಿಯಾಗಿ ನೆಹರು ಗಂಜ್‌ನ ಅಡತಿ ಅಂಗಡಿಯನ್ನು ಮುಟ್ಟುವುದು ಸಂಕ್ರಾಂತಿಯ ಆಸುಪಾಸಿಗೆ. ಕಮಲಾಪುರದ ಹೆಸರನ್ನು ದೂರದೂರಕ್ಕೆ ಒಯ್ದ ಕೆಂಪು ಬಾಳೆಗಂತೂ ಸುಮಾರು 18 ತಿಂಗಳ ಕಾಲ ಬೇಕು. ಬೀಜ, ಗೊಬ್ಬರ, ಕೂಲಿ, ಮಕ್ಕಳ ಶಾಲೆಯ ಶುಲ್ಕ ಇವು ಯಾವುವೂ ಅಷ್ಟು ಕಾಲ ಕಾಯುವಂಥವಲ್ಲ. ಆದಾಯವು ವರ್ಷಕ್ಕೊಮ್ಮೆಯೂ ವೆಚ್ಚವು ದಿನದಿನವೂ ಬರುವ ಮನೆಯಲ್ಲಿ ಸಾಲವೆಂಬುದು ದುಂದುಗಾರಿಕೆಯ ಕುರುಹಲ್ಲ. ಆದುದರಿಂದ ಒಕ್ಕಲುತನ ಮಾಡುವ ಅಣ್ಣನಿಗೆ ಹಣ ಕೊಡುವಾಗ ನಿನ್ನ ಸಂಬಳದ ದಿನವನ್ನು ಅಳತೆಯಾಗಿ ಹಿಡಿಯದೆ ಅವನ ರಾಶಿಯ ಕಾಲಕ್ಕೆ ಗಡುವನ್ನು ಹೊಂದಿಸು. ತೀರಿಸಲಾಗದ ಗಡುವನ್ನು ಹೇರುವವನು ಸಾಲಗಾರನನ್ನು ತಾನೇ ಸುಳ್ಳಿಗೆ ದೂಡುತ್ತಾನೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಹಣ ಕೈಬಿಡುವ ಮುನ್ನವೇ ಅದು ದಾನವೋ ಸಾಲವೋ ಎಂಬುದನ್ನು ನಿಶ್ಚಯಿಸು. ನಿಶ್ಚಯಿಸಿದುದನ್ನು ಬಾಯಿಬಿಟ್ಟು ಹೇಳು. ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನೆಲೆನಿಂತು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರನ್ನು ಈ ನಾಡು ಇಂದಿಗೂ ಸ್ಮರಿಸುವುದು ಅವರ ದಾಸೋಹಕ್ಕಾಗಿ. ದಾಸೋಹದಲ್ಲಿ ಉಂಡವನು ಋಣಿಯಲ್ಲ, ಉಣಿಸಿದವನು ಧಣಿಯಲ್ಲ. ರೋಗಿಯ ಚಿಕಿತ್ಸೆಗೋ, ಗಂಡನನ್ನು ಕಳೆದುಕೊಂಡ ಅಕ್ಕನ ಮಗುವಿನ ಓದಿಗೋ ಕೊಡುವುದಾದರೆ ಆ ಧರ್ಮದಂತೆಯೇ ಕೊಟ್ಟು, ಮತ್ತೆಂದೂ ಅದರ ಮಾತೆತ್ತಬೇಡ. ಬಾಯಲ್ಲಿ ‘ಇರಲಿ ಬಿಡು’ ಎಂದು, ಮನಸ್ಸಿನೊಳಗೆ ಎಣಿಕೆ ಹಾಕುತ್ತ ಕೊಟ್ಟ ಹಣವು ದಾನದ ಪುಣ್ಯವನ್ನೂ ತರದು, ಸಾಲದ ಅಸಲನ್ನೂ ತರದು. ಒಂದೇ ಓಣಿಯ ಅಣ್ಣತಮ್ಮಂದಿರು ಮುಖ ತಪ್ಪಿಸಿ ನಡೆಯುವಂತೆ ಮಾಡುವುದು ಅದೇ.

ಸಾಲವೆಂದು ನಿಶ್ಚಯಿಸಿದೆಯಾದರೆ ಬರೆದಿಡು. ರಕ್ತಸಂಬಂಧದಲ್ಲಿ ಚೀಟಿಯೇಕೆಂದು ಹಿರಿಯರು ನೊಂದುಕೊಂಡಾರು. ಆದರೆ ಅದೇ ಹಿರಿಯರ ಮನೆಯ ಮದುವೆಯಲ್ಲಿ ಹಂದರದ ಕೆಳಗೆ ವಹಿ ಹಿಡಿದು ಕುಳಿತವನು ಯಾರ ಆಯೇರಿ ಎಷ್ಟೆಂಬುದನ್ನು ಎಲ್ಲರೆದುರಿಗೆ ಹೆಸರುಹಿಡಿದು ಬರೆಯುತ್ತಾನೆ. ನಾಳೆ ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ಮುಯ್ಯಿ ತಪ್ಪಬಾರದೆಂಬ ಆ ಬರಹದಿಂದ ಯಾರಿಗೂ ಅವಮಾನವಾದುದಿಲ್ಲ. ಬರಹವು ಅಪನಂಬಿಕೆಯಿಂದಲ್ಲ, ಮರಣವೂ ಮರೆವೂ ಮನುಷ್ಯನಿಗೆ ಸಹಜವಾದುದರಿಂದ ಬೇಕು. ಕೊಟ್ಟವನೋ ಕೊಂಡವನೋ ಅಕಸ್ಮಾತ್ತಾಗಿ ತೀರಿಕೊಂಡರೆ, ಏನೂ ಅರಿಯದ ಹೆಂಡಿರುಮಕ್ಕಳನ್ನು ಜಗಳದಿಂದ ಕಾಯುವುದು ಆ ಒಂದು ಹಾಳೆ. ನೆರೆಹೊರೆಯವರ ವಿಶ್ವಾಸಕ್ಕೆ ಲೆಕ್ಕದ ಪುಸ್ತಕವನ್ನು ಜೋಡಿಸಿಯೇ ಅಲ್ಲವೆ, 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದುದು?

ಕಾನೂನನ್ನೂ ತಿಳಿದಿರು. ಕೈಗಡದ ವಸೂಲಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯಂತೆ ಸಾಮಾನ್ಯವಾಗಿ 3 ವರ್ಷದ ಅವಧಿ. ಅದು ಮುಗಿಯುವುದರೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸ ಅವಧಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ಸಾಮಾನ್ಯವಾಗಿ ನಿಷೇಧಿಸುವುದರಿಂದ ಬ್ಯಾಂಕಿನ ಮೂಲಕವೇ ಕೊಡು. ‘ಬರೀ ಒಂದು ಸಹಿ’ ಎಂದು ಗೆಳೆಯನು ಜಾಮೀನು ಕೇಳಿದಾಗ ಎರಡು ಬಾರಿ ಯೋಚಿಸು: 1872ರ ಕರಾರು ಕಾಯಿದೆಯಲ್ಲಿ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಬಡ್ಡಿಗೆ, ಎಂದರೆ ವರ್ಷಕ್ಕೆ 36ಕ್ಕೆ, ತಾನು ಸಾಲ ಮಾಡಿ ಪರರಿಗೆ ಕೊಡುವುದು ಔದಾರ್ಯವಲ್ಲ. ಅದು ಒಂದು ಮನೆಯ ಸಂಕಟವನ್ನು ಎರಡು ಮನೆಗೆ ಹರಡುವುದು.

ಕೊಡಲಾಗದಿದ್ದಾಗ ‘ನಾಳೆ ನೋಡೋಣ’ ಎಂದು ಅಲೆಸದೆ ಆ ದಿನವೇ ಇಲ್ಲವೆನ್ನು. ಅವನು ಬೇರೊಂದು ದಾರಿ ಹುಡುಕಿಕೊಳ್ಳಲು ಕಾಲಾವಕಾಶವಾದರೂ ದೊರೆತೀತು. ಕೊಟ್ಟ ಮೇಲೆ ನಾಲ್ವರ ಮುಂದೆ ಆಡಿಕೊಳ್ಳಬೇಡ. ನಿನಗೇ ಕೇಳುವ ಕಾಲ ಬಂದರೆ, ಗಡುವು ತಪ್ಪುವ ಸೂಚನೆ ಕಂಡೊಡನೆ, ಕೊಟ್ಟವನು ಮನೆಗೆ ಬರುವ ಮುನ್ನ ನೀನೇ ಅವನ ಮನೆಗೆ ಹೋಗಿ ತಿಳಿಸು. ನಿನ್ನ ಗಳಿಕೆಯಲ್ಲಿ ಒಂದು ಭಾಗವನ್ನು ಮರಳಿ ಬಾರದ ದಾನಕ್ಕೆಂದೂ, ಒಂದು ಭಾಗವನ್ನು ಬರೆದು ಕೊಡುವ ಸಾಲಕ್ಕೆಂದೂ ಈ ತಿಂಗಳಿನಿಂದಲೇ ಬೇರ್ಪಡಿಸಿಡು. ಒಂದನ್ನು ಇನ್ನೊಂದರೊಡನೆ ಎಂದಿಗೂ ಬೆರೆಸಬೇಡ.

ನಿನ್ನ ಹಿತವನ್ನೇ ಬಯಸುವ,
ಸೋದರಮಾವ